ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿದ ಚಕ್ರ

ಬೆಳಗಿನ ಐದೂವರೆ. ಚೆನ್ನೈನ ಮಾಧವರಂನಲ್ಲಿ ಹಾಲಿನ ಡೈರಿಯ ಹಿಂದಿನ ಗಲ್ಲಿ. ತಗಡಿನ ಚಪ್ಪರದ ಕೆಳಗೆ ಗುಣವತಿ ಕಣ್ಣುಮುಚ್ಚಿ ಒಂದು ಕ್ಷಣ ಕೈ ಮುಗಿಯುತ್ತಾರೆ. ಆಮೇಲೆ ಮಣ್ಣಿನ ಮುದ್ದೆಯನ್ನು ಚಕ್ರದ ನಡುವಿಗೆ ಬಡಿದು ಕೂರಿಸುತ್ತಾರೆ. ಮೋಟಾರು ಗುಂಯ್ ಎನ್ನುತ್ತದೆ. ಒದ್ದೆ ಅಂಗೈಗಳ ನಡುವೆ ಮುದ್ದೆ ಓಲಾಡುತ್ತದೆ, ಪಳಗುತ್ತದೆ, ಕೊನೆಗೆ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಶಾಂತವಾಗುತ್ತದೆ.

ಇವತ್ತು ಶನಿವಾರ. ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಕಮಲಾಕರ ಎಂಟು ಗಂಟೆಗೆ ಬರುತ್ತಾರೆ. ಅವರ ಹೋಟೆಲಿಗೆ ವಾರಕ್ಕೆ ನೂರಿಪ್ಪತ್ತು ಮೊಸರಿನ ಕುಡಿಕೆ ಈ ಮನೆಯಿಂದಲೇ ಹೋಗುವುದು. ಎರಡು ವಾರ ಕುಡಿಕೆಗಳು ಸೊಟ್ಟಗಾದವು. ಈ ಸಲವೂ ಹಾಗೇ ಆದರೆ ಸ್ಟೀಲ್ ಬಟ್ಟಲಿಗೆ ಹೋಗುವುದಾಗಿ ಅವರು ಹೇಳಿಬಿಟ್ಟಿದ್ದಾರೆ. ಹಾಗಾದರೆ ಚಕ್ರ ನಿಂತಂತೆಯೇ.

ಐವತ್ನಾಲ್ಕರ ಗುಣವತಿ ಮಂಗಳೂರು ಕಡೆಯವರು. ಕುಂಬಾರ ಕಾಂತಪ್ಪನವರ ಕೈಹಿಡಿದು ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷ. ಅವರ ಮನೆತನದಲ್ಲಿ ಹೆಂಗಸರು ಮಣ್ಣು ತುಳಿಯುತ್ತಾರೆ, ಮಡಕೆ ಒಣಗಿಸುತ್ತಾರೆ, ಸುಡಲು ಆವಿಗೆಯಲ್ಲಿ ಜೋಡಿಸುತ್ತಾರೆ. ಚಕ್ರದ ಮುಂದೆ ಮಾತ್ರ ಕೂರುವುದಿಲ್ಲ. ಕಳೆದ ವರ್ಷ ಪಾರ್ಶ್ವವಾಯು ಬಡಿದು ಕಾಂತಪ್ಪನವರ ಬಲಗೈ ಸೋತಿತು. ಅಂದಿನಿಂದ ಗುಣವತಿಯೇ ಕೂರುತ್ತಾರೆ.

“ಇವರು ಊಟ ಮಾಡಿ ಮಲಗಿದ ಮೇಲೆ ನಾನು ಗುಟ್ಟಾಗಿ ಕೂತು ಕಲ್ತದ್ದು ಸಾರ್, ಎಷ್ಟೋ ವರ್ಷ” ಎಂದು ನನಗೆ ಹೇಳುತ್ತಾರೆ.

ಗೋಡೆಗೆ ಒರಗಿದ ಕಾಂತಪ್ಪ ನಗುತ್ತಾರೆ. “ಎಂತ ಗುಟ್ಟು ಮಾರಾಯ್ತಿ? ನಿನ್ನ ಚಕ್ರದ ಶಬ್ದಕ್ಕೆ ನನಗೆ ನಿದ್ದೆ ಎಲ್ಲಿತ್ತು?”

“ಹಾಗಾದ್ರೆ ಗೊರಕೆ ಹೊಡೀತಿದ್ದದ್ದು ಯಾರು?”

ತಿರುಗುವ ಮಣ್ಣಿಗೆ ಹೊರಕ್ಕೆ ಓಡುವ ಸ್ವಭಾವ. ಮುದ್ದೆ ಕೂದಲೆಳೆಯಷ್ಟು ನಡು ತಪ್ಪಿದರೂ ಭಾರದ ಪಕ್ಕ ಹೊರಗೆಳೆದು ಮಡಕೆ ವಾಲುತ್ತದೆ. ಬಾಯಿ ಅಗಲವಾದಷ್ಟೂ ಅಂಚಿನ ಓಟ ಬುಡದ ಓಟಕ್ಕಿಂತ ಜೋರು. ಆಗ ಚಕ್ರ ನಿಧಾನಿಸದಿದ್ದರೆ ಅಂಚು ಬಿರಿಯುತ್ತದೆ. ಇದನ್ನು ಗುಣವತಿ ಹೇಳುವ ರೀತಿಯೇ ಬೇರೆ: “ದೀಪಾವಳಿ ಟೈಮಲ್ಲಿ ಮಗುವನ್ನು ಟಿ. ನಗರದ ರಶ್ಶಿಗೆ ಕರ್ಕೊಂಡು ಹೋದ ಹಾಗೆ. ಕೈ ಬಿಟ್ರೆ ಓಡ್ತದೆ. ಬಿಗಿ ಹಿಡಿದ್ರೆ ರಂಪ ಮಾಡ್ತದೆ.”

ಕೋಲಿನಿಂದ ಬೀಸುವ ಹಳೆಯ ಚಕ್ರದಲ್ಲಿ ವಾರಕ್ಕೆ ನೂರಿಪ್ಪತ್ತು ಮಾಡಲು ಅವರ ಭುಜ ಒಪ್ಪಲಿಲ್ಲ. ಮೂರು ವಾರದ ಹಿಂದೆ ಮಹಿಳಾ ಸಂಘದವರು ಕರೆಂಟಿನ ಚಕ್ರ ಕೊಡಿಸಿದರು. ಅದರಲ್ಲಿ ಮಾಡಿದ್ದೆಲ್ಲ ಸೊಟ್ಟಗಾಗಿ ಕುಸಿಯತೊಡಗಿತು. ಮಣ್ಣಿನಲ್ಲಿ ಮರಳು ಹೆಚ್ಚಾಯಿತೆಂದು ಮೂರು ಬುಟ್ಟಿ ಮಣ್ಣನ್ನು ಗುಣವತಿ ಹೊರಗೆ ಸುರಿದರು. ದೋಷ ಹಿಡಿದವರು ಕಾಂತಪ್ಪ. ಕುಸಿದ ಕುಡಿಕೆಯೊಂದರ ಒಳಗೆ ಎಡಗೈ ಬೆರಳು ಆಡಿಸಿ, ಮಾಡುವಾಗ ಗುಣವತಿಯ ಬೆರಳು ಎಳೆದ ಗೆರೆ ಉಲ್ಟಾ ಸುತ್ತಿ ಮೇಲೇರಿರುವುದನ್ನು ಕಂಡುಕೊಂಡರು.

“ಚಕ್ರ ಉಲ್ಟಾ ಓಡ್ತಾ ಉಂಟಲ್ಲ! ಮಣ್ಣನ್ನು ಯಾಕೆ ಬೈತಿ?”

ಹಳೆಯ ಚಕ್ರ ದೇವರಿಗೆ ಪ್ರದಕ್ಷಿಣೆ ಬರುವ ದಿಕ್ಕಿನಲ್ಲಿ ಸುತ್ತುತ್ತಿತ್ತು. ಹೊಸದು ಅಪ್ರದಕ್ಷಿಣ. ಕೋಲು ಊರುವ ಗುಳಿಯಿಲ್ಲದ ನುಣುಪು ತಟ್ಟೆಯಾದ್ದರಿಂದ ಓಡುವಾಗ ಕಣ್ಣಿಗೆ ದಿಕ್ಕು ಕಾಣದು. ಎಡಮಗ್ಗುಲಲ್ಲಿ ಬೆರಳಿನಿಂದ ಆಚೆ ಸರಿಯಬೇಕಾದ ಮಣ್ಣು ಎದುರಾಗಿ ಬಂದು ಗುದ್ದುತ್ತಿತ್ತು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಗಿರಿಧರ್ ಮೋಟಾರು ಬಿಚ್ಚಿ, ದಿಕ್ಕು ತಿರುಗುವಂತೆ ತಂತಿಗಳನ್ನು ಅದಲುಬದಲು ಮಾಡಿದರು. ಅವತ್ತೇ ಮೂವತ್ತು ಕುಡಿಕೆ ನೆಟ್ಟಗೆ ನಿಂತವು.

ಈ ಅಂಗಳಕ್ಕೆ ಇನ್ನೊಂದು ಬಗೆಯ ಮಡಕೆ ಕೇಳಿಯೂ ಜನ ಬರುತ್ತಾರೆ. ಸಾವಿನ ಮನೆಯವರನ್ನು ಗುಣವತಿ ಕಾಯಿಸುವುದಿಲ್ಲ, ಮಾತಾಡಿಸುವುದೂ ಇಲ್ಲ. ಎರಡೂ ಕೈಯಲ್ಲಿ ಎತ್ತಿಕೊಟ್ಟು ತಲೆ ಬಾಗುತ್ತಾರೆ. ಕಳೆದ ತಿಂಗಳು ಹಾಗೊಂದು ಮಡಕೆಗೆ ಹೋದಾಗಲೇ ನನಗೆ ಅವರ ಪರಿಚಯವಾದದ್ದು.

ಎಂಟಕ್ಕೆ ಕಮಲಾಕರ ಬರುತ್ತಾರೆ. ಸುಟ್ಟ ಕುಡಿಕೆಗಳನ್ನು ಹತ್ತುಹತ್ತಾಗಿ ಸಾಲಿಟ್ಟು ಮೇಲೊಂದು ಹಲಗೆ ಹಾಸುತ್ತಾರೆ, ಬಗ್ಗಿ ನೋಡುತ್ತಾರೆ. ಗುಣವತಿ ಅತ್ತ ತಿರುಗುವುದಿಲ್ಲ. ಚಕ್ರದ ಮೇಲಿನ ಕುಡಿಕೆಯ ಅಂಚನ್ನು ಒದ್ದೆ ಬೆರಳಿನಿಂದ ಸವರುತ್ತಾರೆ. ಹನ್ನೆರಡು ಸಾಲಿನಲ್ಲಿ ಒಂದರಲ್ಲೂ ಹಲಗೆ ಅಲುಗುವುದಿಲ್ಲ.

“ರೊಂಬ ಚೆನ್ನಾಗಿ ಬಂದಿದೆ ಕಾಂತಪ್ಪಣ್ಣ. ಬರುವ ವಾರಕ್ಕೂ ನೂರಿಪ್ಪತ್ತು ಇರಲಿ.”

“ನನ್ನತ್ರ ಎಂತಕ್ಕೆ ಹೇಳುದು?” ಕಾಂತಪ್ಪ ಎಡಗೈ ಚಾಚಿ ತೋರಿಸುತ್ತಾರೆ. “ಕುಂಬಾರ್ತಿ ಅಲ್ಲಿ ಕೂತಿದ್ದಾಳೆ. ಅವಳಿಗೆ ಪುರುಸೊತ್ತು ಉಂಟಾ ಕೇಳಿ.”

ಕಮಲಾಕರ ಚಕ್ರದ ಬಳಿ ಹೋಗಿ ನಿಲ್ಲುತ್ತಾರೆ. “ಅಕ್ಕ, ಬರುವ ವಾರಕ್ಕೆ...”

ಗುಣವತಿ ತಲೆ ಎತ್ತುವುದಿಲ್ಲ.

“ಸ್ವಲ್ಪ ನಿಲ್ಲಿ. ಇದರ ಬಾಯಿ ಮುಗೀಲಿ.”