ನಾನು ಬದಲಿಸಿದ ಗೇರ್ ನಾಬ್

ಇದನ್ನು ಹೇಳಬೇಕೆಂದುಕೊಂಡು ಮುಂದೂಡುತ್ತಲೇ ನನಗೆ ಎಪ್ಪತ್ತು ದಾಟಿತು. ಮೊನ್ನೆ ಮಣಿಪಾಲದ ಅಂಗಡಿಯೊಂದರಲ್ಲಿ, ಇನ್ನು ಮುಂದೂಡಬಾರದು ಅನ್ನಿಸಿತು.

ಮಗಳ ಹಳೆಯ ಕಾರಿನ ಗೇರ್ ನಾಬ್‌ನ ರಬ್ಬರು ಬಿಸಿಲಿಗೆ ಕರಗಿ ಕೈಗೆ ಅಂಟುತ್ತಿತ್ತು. ಹೊಸದು ತರಲು ಹೋಗಿದ್ದೆ. ಅಂಗಡಿಯವನು ಗಾಜಿನ ಮೇಲೆ ಆರು ನಾಬ್‌ಗಳನ್ನು ಇಟ್ಟ. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ನೋಡುತ್ತಾ ನಿಂತೆ. ಬೆರಳಿನಲ್ಲಿ ಆ ಕರಗಿದ ರಬ್ಬರಿನ ವಾಸನೆ...

“ಎಂತ ಅಜ್ಜ, ಹೆಣ್ಣು ನೋಡಿದ ಹಾಗೆ ನೋಡ್ತೀರಲ್ಲ! ನಾಬ್ ಅಲ್ವಾ?” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಹಿಂದೊಮ್ಮೆಯೂ ನಾನು ಹೀಗೆ ನಾಬ್ ಆರಿಸಿದ್ದೆ.

ಆಗ ನಾನು ಕಾಪುವಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಕಾರು ಒಬ್ಬರು ಕ್ರಿಶ್ಚಿಯನ್ ಹೆಂಗಸಿನದು, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಅವರ ಗಂಡ ಗಲ್ಫ್‌ನಲ್ಲಿದ್ದರು. ಮಧ್ಯಾಹ್ನದವರೆಗೆ ಒಬ್ಬ ಹಿರಿಯ ಡ್ರೈವರ್, ಆಮೇಲೆ ನಾನು. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರೂ, ಆ ಕೆಲಸ ಕೊಡಿಸಿದವರೂ ಆ ಹಿರಿಯರೇ.

ನನಗೊಂದು ಕೆಟ್ಟ ಅಭ್ಯಾಸವಿತ್ತು. ಗೇರ್ ಹಾಕಿದ ಮೇಲೂ ಎಡಗೈಯನ್ನು ನಾಬ್ ಮೇಲೆಯೇ ಊರಿರುತ್ತಿದ್ದೆ. ಆ ಭಾರಕ್ಕೆ ಗೇರ್‌ಬಾಕ್ಸಿನ ಒಳಭಾಗ ಸವೆಯುತ್ತದೆ.

“ಕೈ ತೆಗಿ ಮಾರಾಯ. ಅದೆಂತ ನಿನ್ನ ಊರುಗೋಲಾ?” ಎಂದು ಅವರು ಎಷ್ಟು ಸಲ ಹೇಳಿದ್ದರೋ. ನಾನು ತೆಗೆಯಲಿಲ್ಲ. ನನ್ನ ಉಂಗುರ ಉಜ್ಜಿ ಉಜ್ಜಿ ನಾಬ್‌ನ ಒಂದು ಬದಿಯಲ್ಲಿ ಗೀರು ಬಿದ್ದಿತ್ತು.

ಒಂದು ಬೆಳಿಗ್ಗೆ ಅವರು ಕಾರ್ಕಳಕ್ಕೆ ಬಾಡಿಗೆ ಹೋಗುವಾಗ ಕಾರು ದಾರಿಯಲ್ಲೇ ನಿಂತಿತು. ಗೇರ್ ಕಚ್ಚುತ್ತಿರಲಿಲ್ಲ. ಕಾರನ್ನು ಎಳೆಸಿಕೊಂಡು ತಂದು ಬಾಯಮ್ಮನ ಶೆಡ್ಡಿನಲ್ಲಿ ನಿಲ್ಲಿಸಿದರು. ಮರುದಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡುವುದೆಂದಾಯಿತು. ನಾಬ್ ಮೇಲಿನ ಆ ಗೀರು ನೆನಪಾಯಿತು. ಆ ಮಧ್ಯಾಹ್ನವೇ ಬಸ್ಸು ಹತ್ತಿ ಉಡುಪಿಗೆ ಹೋದೆ.

ಅಂಗಡಿಯವರು ಹೊಳೆಯುವ ಹೊಸ ನಾಬ್‌ಗಳನ್ನು ತೋರಿಸಿದರು. ಬೇಡವೆಂದೆ. ಹಳೆಯ ಸಾಮಾನಿನ ಡಬ್ಬ ಕೆದಕಿ, ಬಣ್ಣ ಮಾಸಿದ, ಆದರೆ ಎಲ್ಲ ಕಡೆ ಒಂದೇ ಸಮ ಸವೆದ ಒಂದನ್ನು ಆರಿಸಿದೆ. ಸಂಜೆಯೊಳಗೆ ಅದನ್ನು ಕಾರಿಗೆ ತಿರುಗಿಸಿ ಕೂರಿಸಿದೆ. ಹಳೆಯದನ್ನು ಸಮುದ್ರಕ್ಕೆ ಎಸೆದೆ.

ಮರುದಿನ ಮೆಕ್ಯಾನಿಕ್ ಹೇಳಿದ: “ಬಾಯಮ್ಮ, ಇದು ಗೇರಿನ ಮೇಲೆ ಕೈ ಇಟ್ಟುಕೊಂಡೇ ಓಡಿಸಿದವನ ಕೆಲಸ.”

ಬಾಯಮ್ಮ ನಮ್ಮಿಬ್ಬರನ್ನೂ ನೋಡಿದರು. ಹಿರಿಯರಿಗೆ ಸ್ವಲ್ಪವೂ ಅಳುಕಿರಲಿಲ್ಲ. “ನಾಬ್ ನೋಡಿ ಬಾಯಮ್ಮ. ಕೈ ಇಟ್ಟವನ ಗುರುತು ಅದರಲ್ಲೇ ಉಂಟು,” ಎಂದರು.

ಬಾಯಮ್ಮ ಬಗ್ಗಿ ನೋಡಿದರು. “ಎಲ್ಲಿ ಉಂಟು?”

ಅವರೂ ಬಗ್ಗಿದರು. ನಾಬನ್ನು ಒಮ್ಮೆ ಮುಟ್ಟಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು... ನಾನು ನೆಲ ನೋಡಿದೆ.

“ಹಾಳಾದದ್ದು ನಿನ್ನ ಕೈಯಲ್ಲಿ. ಸುಮ್ಮನೆ ಹುಡುಗನ ಮೇಲೆ ಹಾಕುವುದಾ?” ಎಂದು ಬಾಯಮ್ಮ ಕೀ ಕೇಳಿದರು. ಹಿರಿಯರು ಕೊಟ್ಟು ಹೋದರು. ಇಡೀ ದಿನದ ಓಟ ನನ್ನದಾಯಿತು.

ಮತ್ತೆ ಯಾರೂ ಅವರಿಗೆ ಕಾರು ಕೊಡಲಿಲ್ಲ. ಅಜೆಕಾರಿನ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರಲು ಸೇರಿದರಂತೆ. ಕಾಪುವಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಗೇರ್‌ಬಾಕ್ಸ್ ಹಾಳು ಮಾಡಿದವನೆಂದು, ಅವರಿಗೆ ‘ಬಾಕ್ಸ್ ತಿಂದವ’ ಎಂಬ ಹೆಸರು ಬಿತ್ತು. ಹಾಗೆ ಕರೆದು ನಗುವವರ ಜೊತೆ ನಾನೂ ನಕ್ಕಿದ್ದೇನೆ.

ಒಮ್ಮೆ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಭುಜ ಒಂದು ಕಡೆಗೆ ವಾಲಿತ್ತು.

“ಕಾರು ಹೇಗುಂಟು?” ಎಂದರು.

“ಉಂಟು, ಒಳ್ಳೆಯದುಂಟು,” ಎಂದೆ.

ಬೇರೇನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಹತ್ತುವ ಮೊದಲು ಅವರು ಸ್ವಲ್ಪ ಹೊತ್ತು ನಿಂತಿದ್ದರು, ಕಾಯುವವರ ಹಾಗೆ... ನಾನು ಹೇಳಲಿಲ್ಲ. ಎರಡು ವರ್ಷಗಳ ನಂತರ ಅವರು ತೀರಿಹೋದ ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ಮೊನ್ನೆ ಅಂಗಡಿಯಿಂದ ಬರುವಾಗ ಕಾಪುವಿನಲ್ಲಿ ಇಳಿದೆ. ಸ್ಟ್ಯಾಂಡಿನಲ್ಲಿ ಹಳಬನೊಬ್ಬನೇ ಉಳಿದಿದ್ದ. ಅವರ ನೆನಪುಂಟಾ ಎಂದು ಹೆಸರು ಹಿಡಿದು ಕೇಳಿದೆ. ಅವನಿಗೆ ಗೊತ್ತಾಗಲಿಲ್ಲ. ತುಂಬ ಹೊತ್ತು ಯೋಚಿಸಿ, “ಓ, ಆ ಬಾಕ್ಸ್ ತಿಂದವನಾ?” ಎಂದ.

ಅಲ್ಲ. ಬಾಕ್ಸ್ ತಿಂದವನು ನಾನು. ಅವರ ಹೆಸರು ಸಂಜೀವ.