ರೈಟರ್ ಶೇಷಪ್ಪನವರನ್ನು ಹೊರಗೆ ಹಾಕಿದ ದಿನ

ಕುದುರೆಮುಖದಲ್ಲಿ ಗಣಿ ನಿಂತ ಮೇಲಿನ ಮಾತು. ಆಗ ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕಸ ಗುಡಿಸಿ, ಕಾಫಿ ಮಾಡಿಕೊಡುವ ಕೆಲಸದಲ್ಲಿದ್ದೆ. ಕಂಪ್ಯೂಟರ್ ನನಗೆ ಗೊತ್ತಿಲ್ಲ. ಅದರ ಧೂಳು ಒರೆಸಿ ಗೊತ್ತು. ಇಲ್ಲಿ ಬರೆದದ್ದೆಲ್ಲ ಅಲ್ಲೇ ನಿಂತು ಕೇಳಿದ್ದು.

ಪತ್ರ, ಮೇಲ್ ಎಲ್ಲ ನೋಡುತ್ತಿದ್ದವರು ರೈಟರ್, ಅಂದರೆ ತೋಟದ ಗುಮಾಸ್ತ, ಶೇಷಪ್ಪನವರು. ಹೊರದೇಶದ ಒಬ್ಬ ಕಾಫಿ ವ್ಯಾಪಾರಿಗೆ ಹೋಗುವ ಮೇಲ್‌ಗೆ ಬೀಗ ಹಾಕಿರಬೇಕಿತ್ತು. ಎನ್‌ಕ್ರಿಪ್ಶನ್ ಅಂತಾರೆ. ನಡುವೆ ಯಾರೂ ಓದಬಾರದು ಅಂತ. ಅದಕ್ಕೆ ಕಂಪ್ಯೂಟರಿನೊಳಗೆ ಒಂದು ಸರ್ಟಿಫಿಕೇಟ್ ಇರುತ್ತದೆ. ಬಸ್ ಪಾಸಿನ ಹಾಗೆ, ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ. ಆ ವಾರ ಬೀಗ ಬೀಳಲೇ ಇಲ್ಲ. ಸರ್ಟಿಫಿಕೇಟ್ ನಡೆಯುವುದಿಲ್ಲ ಅಂತಲೇ ಪರದೆಯ ಮೇಲೆ ಬರುತ್ತಿತ್ತು. ಶೇಷಪ್ಪನವರು ಸೆಟ್ಟಿಂಗ್ ಒಂದೊಂದೇ ಬದಲಾಯಿಸಿ ಸೋತರು. ಸಂಜೆಯೊಳಗೆ ನಿಮ್ಮ ಒಪ್ಪಿಗೆ ಬರದಿದ್ದರೆ ಬೇರೆ ತೋಟದ ಕಾಫಿ ಕೊಳ್ಳುತ್ತೇವೆ ಅಂತ ವ್ಯಾಪಾರಿಯ ಫೋನ್ ಬಂತು.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು.

"ಯಾವ ತೋಟದವ್ರು ನಿಮ್ಮ ಕೈ ಬಿಸಿ ಮಾಡಿದ್ರು ಶೇಷಪ್ಪ?"

"ಕೆಟ್ಟಿರೋದು ಮಿಷನ್ನು ಸಾರ್. ನಾನಲ್ಲ."

"ಆಫೀಸಿನ ಬೀಗದ ಕೈ ಅಲ್ಲಿಟ್ಟು ನಡೀರಿ. ತೋಟದ ಮನೇನೂ ಖಾಲಿ ಮಾಡಿ."

ಶೇಷಪ್ಪನವರು ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು ಹೋದರು. ನಾನು ಗುಡಿಸುತ್ತಿದ್ದೆ, ಗುಡಿಸಿದೆ.

ಮಧ್ಯಾಹ್ನ ಮೂಡಿಗೆರೆಯಿಂದ ರಿಪೇರಿಯ ಸುರೇಶ ಬಂದ. ಸರ್ಟಿಫಿಕೇಟ್ ತೆಗೆದು ನೋಡಿದ, ಸರಿ ಇತ್ತು. ಆಮೇಲೆ ಪರದೆಯ ಮೂಲೆ ನೋಡಿ ನಕ್ಕ.

"ಇದು ಯಾವ ಕಾಲದಲ್ಲಿ ಕೂತಿದೆ ಮಾರಾಯ್ರೆ! ಸರ್ಟಿಫಿಕೇಟ್ ಹುಟ್ಟೋಕೆ ಮುಂಚಿನ ಇಸವಿ ತೋರಿಸ್ತಿದೆ."

ತಾರೀಖು ಸರಿ ಮಾಡಿದ. ಬೀಗ ಬಿತ್ತು, ಮೇಲ್ ಹೋಯಿತು.

ಅಷ್ಟರಲ್ಲಿ ಚಾರ್ಮಾಡಿ ಕಡೆ ಗುಡುಗಿತು. ನಮ್ಮಲ್ಲಿ ಗುಡುಗಿದರೆ ಪ್ಲಗ್ಗು, ಫೋನಿನ ವೈರು ಎಲ್ಲ ಕೀಳುವುದೇ. ಇಲ್ಲದಿದ್ದರೆ ಸಿಡಿಲಿಗೆ ಸುಟ್ಟುಹೋಗುತ್ತವೆ. ಯಜಮಾನರೇ ಬಗ್ಗಿ ಕಂಪ್ಯೂಟರಿನ ಪ್ಲಗ್ ಕಿತ್ತರು. ಮೋಡ ಸರಿದ ಮೇಲೆ ಹಾಕಿದರೆ ಮತ್ತೆ ಅದೇ ಹಳೇ ಇಸವಿ.

"ಒಳಗಿನ ಸಣ್ಣ ಸೆಲ್ಲು ಸತ್ತಿದೆ. ಪ್ಲಗ್ ಕಿತ್ತಾಗೆಲ್ಲ ತಾರೀಖು ಮರೀತದೆ," ಅಂದ ಸುರೇಶ. "ದಿನಾ ಕೀಳೋದು ಯಾರು?"

ಕೀಳುತ್ತಿದ್ದದ್ದು ನಾನು. ಸಂಜೆ ತಪ್ಪದೆ ಕೀಳಬೇಕು ಅಂತ ಆರ್ಡರ್ ಮಾಡಿದ್ದು ಯಜಮಾನರು.

ಅವರು ಕಿಟಕಿ ಕಡೆ ತಿರುಗಿ, "ಶೇಷಪ್ಪಂಗೆ ಬರೋಕೆ ಹೇಳು," ಅಂದರು.

ಅವರ ಮನೆಗೆ ಹೋದೆ. ಶೇಷಪ್ಪನವರು ಜಗಲಿಯಲ್ಲಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಸೆಲ್ಲಿನ ವಿಷಯ ಹೇಳಿದೆ.

"ತಪ್ಪಾಯ್ತು ಅಂದ್ರಾ?"

"ಇಲ್ಲ. ಬರೋಕೆ ಹೇಳಿದ್ರು."

"ಅಷ್ಟೇನಾ?"

"ಅಷ್ಟೇ."

ಒಳಗಿಂದ ಹೆಂಡತಿ, "ಹೋಗಿ ಅತ್ಲಾಗೆ. ಈ ಸಾಮಾನು ಹೊತ್ಕೊಂಡು ಎಲ್ಲಿಗೆ ಹೋಗ್ತೀರಿ?" ಅಂದರು. ಶೇಷಪ್ಪನವರು ಅಂಗಿ ಹಾಕಿಕೊಂಡು ನನ್ನ ಹಿಂದೆ ಬಂದರು.

ಆಫೀಸಿನಲ್ಲಿ ಏನು ನಿಂತರೂ ಮೊದಲು ಮನುಷ್ಯನನ್ನು ಹಿಡಿಯುತ್ತಾರೆ, ಆಮೇಲೆ ಯಂತ್ರ ಬಿಚ್ಚುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಯಂತ್ರಕ್ಕೆ ಹೊಸ ಸೆಲ್ಲು ಬಂತು. ಶೇಷಪ್ಪನವರು ಕುರ್ಚಿಯಲ್ಲಿ ಕೂತು ಸುಮ್ಮನೆ ಪರದೆ ನೋಡುತ್ತಿದ್ದರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಆರಿಹೋಯಿತು. ಚೆಲ್ಲುವುದು ಯಾಕೆ ಅಂತ ನಾನೇ ಕುಡಿದೆ.