ಗುಳಿಗೆಯ ಕೋಣೆ

ನೆರೂಳಿನ ಆ ರೋ-ಹೌಸುಗಳ ಸಾಲಿನಲ್ಲಿ ತಾರಾನಾಥನಷ್ಟು ಪುರುಸೊತ್ತಿಲ್ಲದ ಸೋಮಾರಿ ಇನ್ನೊಬ್ಬನಿರಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅವನದೊಂದು ಇಡ್ಲಿ-ವಡೆಯ ಹೋಟೆಲಿತ್ತು. ಫ್ಯಾಕ್ಟರಿಯ ಶಿಫ್ಟು ಬಿಡುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಅದನ್ನು ನಡೆಸುತ್ತಿದ್ದವರು ಭಟ್ಟರು ಮತ್ತು ಮ್ಯಾನೇಜರು. ತಾರಾನಾಥ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮುಂದೆ ಏನನ್ನು ಕೊಳ್ಳುವುದೆಂದು ಯೋಚಿಸುತ್ತಿದ್ದ. ಒಮ್ಮೆ ಗಾಜಿನ ತೊಟ್ಟಿ ತಂದು ಬಣ್ಣದ ಮೀನು ಸಾಕಿದ, ಅವು ಸತ್ತವು. ವಿಡಿಯೊ ಕ್ಯಾಮೆರಾ ತಂದ, ನೆಂಟರ ಮದುವೆಗಳಲ್ಲಿ ಎಲ್ಲರ ಸೊಂಟದಿಂದ ಕೆಳಗಿನ ಭಾಗವನ್ನು ಮಾತ್ರ ಹಿಡಿದ. ನಿಂತಲ್ಲೇ ನಡೆಯುವ ಯಂತ್ರ ತಂದ, ಅದರ ಮೇಲೆ ಒದ್ದೆ ಟವೆಲುಗಳು ಒಣಗತೊಡಗಿದವು. ಹೆಂಡತಿ ದಮಯಂತಿ ಪ್ರತಿ ಸಲವೂ ಬಾಗಿಲಲ್ಲಿ ನಿಂತು ನೋಡಿದಳು, ಮನಸ್ಸಿನಲ್ಲೇ ಥೂ ಎಂದು ಉಗಿದಳು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಗಂಡನನ್ನು ಮನಸ್ಸಿನಲ್ಲೇ ಬೈಯುವುದರಲ್ಲಿ ಅವಳ ಕೈ ಚೆನ್ನಾಗಿ ಪಳಗಿತ್ತು. ಬಾಯಿಂದ ಹೊರಡುತ್ತಿದ್ದದ್ದು ಮಾತ್ರ "ಆಯ್ತು" ಎಂಬ ಒಂದೇ ಮಾತು.

ತೊಂಬತ್ತಾರರ ಬೇಸಿಗೆಯಲ್ಲಿ ಆ ಒಲೆ ಬಂತು. ನ್ಹಾವಾ ಶೇವಾ ಬಂದರಿನಲ್ಲಿ ಯಾರೂ ಬಿಡಿಸಿಕೊಳ್ಳದೆ ಬಿದ್ದಿದ್ದ ಒಂದು ಕಂಟೇನರನ್ನು ಹರಾಜಿನಲ್ಲಿ ಹಿಡಿದಿದ್ದ ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬ, ಅದರೊಳಗಿದ್ದ ಈ ಅಮೇರಿಕದ ಒಲೆಯನ್ನು ತೂಕಕ್ಕೆ ಹಾಕುವ ಮೊದಲು ತಾರಾನಾಥನಿಗೆ ಹೇಳಿ ಕಳುಹಿಸಿದ. ಜಗತ್ತಿನಲ್ಲಿ ಯಾರಿಗೂ ಬೇಡವಾದ ವಸ್ತು ಯಾರಿಗೆ ಬೇಕಾದೀತು ಎಂಬುದು ವ್ಯಾಪಾರಿಗಳಿಗೆ ಬೇಗ ಗೊತ್ತಾಗುತ್ತದೆ. ಟೆಂಪೋದಲ್ಲಿ ಒಲೆಯೂ ಬಂತು, ಒಲೆಯ ಜೊತೆ ಕಾಗದದ ಚೀಲಗಳೂ ಬಂದವು. ಚೀಲಗಳಲ್ಲಿ ಮರದ ಹೊಟ್ಟನ್ನು ಅದುಮಿ ಮಾಡಿದ, ಕಿರುಬೆರಳಿಗಿಂತ ಸಣ್ಣ ಗುಳಿಗೆಗಳಿದ್ದವು.

ಇಳಿಸಲು ಬಂದ ಹಮಾಲಿ ಯಂಕಣ್ಣ ರಾಯಚೂರಿನ ಕಡೆಯವನು. ಹರಿದ ಚೀಲದಿಂದ ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಮೂಸಿ, "ಸಾವ್ಕಾರ್ರ, ಹಿಂಡಿ ಏನ್ರಿ ಇದು? ಎಷ್ಟ್ ಎಮ್ಮಿ ಕಟ್ಟೀರಿ?" ಎಂದು ಕೇಳಿದ.

"ಎಮ್ಮೆಗೆ ಅಲ್ಲ ಮಾರಾಯ. ಇದು ಅಮೇರಿಕದ ಮರ. ಇದನ್ನು ಸುಟ್ರೆ ಹೊಗೆ ಬರ್ತದೆ."

"ಯಾವ ಕಟ್ಟಿಗಿ ಸುಟ್ರೂ ಹೊಗಿ ಬರ್ತದಲ್ರೀ?"

ಟೆಂಪೋದವನು ನಕ್ಕ. ದಮಯಂತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಒಲೆಯೆಂದರೆ ಅದೊಂದು ಕಪ್ಪು ಪೀಪಾಯಿ, ಪಕ್ಕದಲ್ಲೊಂದು ಡಬ್ಬ. ಡಬ್ಬದಲ್ಲಿ ಗುಳಿಗೆ ಸುರಿದರೆ ಒಳಗಿನ ತಿರುಪು ಕರೆಂಟಿನಲ್ಲಿ ತಿರುಗಿ ಅವನ್ನು ಒಂದೊಂದಾಗಿ ಬೆಂಕಿಯ ಬಟ್ಟಲಿಗೆ ತಳ್ಳಬೇಕು, ಫ್ಯಾನು ಊದಬೇಕು, ಮೇಲಿಟ್ಟ ಮಾಂಸ ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಬೇಕು. ಅಮೇರಿಕದ ಕರೆಂಟು ಬೇರೆಯಂತೆ, ಅದಕ್ಕೊಂದು ಟ್ರಾನ್ಸ್‌ಫಾರ್ಮರು ಬಂತು. ಬೂದಿ ತೆಗೆಯಲು ವ್ಯಾಕ್ಯೂಮ್ ಕ್ಲೀನರು ಬಂತು, ಅದನ್ನು ಮನೆಯ ನೆಲಕ್ಕೆ ಮುಟ್ಟಿಸಕೂಡದೆಂದು ಕಟ್ಟಪ್ಪಣೆಯಾಯಿತು. ದಮಯಂತಿ ಕಸಬರಿಕೆ ಹಿಡಿದು ಕೋಣೆ ಗುಡಿಸುವಾಗ ಹಿತ್ತಿಲಲ್ಲಿ ಒಲೆಯ ಹೊಟ್ಟೆಯನ್ನು ಯಂತ್ರ ಗುಡಿಸುತ್ತಿತ್ತು. ಉಂಡ ತಟ್ಟೆಯನ್ನು ಎತ್ತಿಡದ ಮನುಷ್ಯ ಈಗ ಮಂಡಿಯೂರಿ ಕೂತು ತಂತಿ ಬ್ರಷ್ಷಿನಿಂದ ಜಾಲರಿ ಉಜ್ಜಿದ, ಎಣ್ಣೆ ಸವರಿದ, ಜಿಡ್ಡು ತೊಟ್ಟಿಕ್ಕುವ ಬಕೀಟನ್ನು ತಾನೇ ಹೊತ್ತು ಚೆಲ್ಲಿ ಬಂದ. ಮಗ ಮಯೂರ್ ಹುಟ್ಟಿದಾಗ ಒಮ್ಮೆಯೂ ಬಟ್ಟೆ ಬದಲಿಸದ ಕೈಗಳು ಒಲೆಗೆ ದಿನಾ ರಾತ್ರಿ ಟಾರ್ಪಾಲು ಹೊದಿಸಿದವು.

ಅಷ್ಟು ಮಾಡಿ ಹೊರಬಂದದ್ದು ಏನು? ಹೊರಗೆ ಕರಿಯ ಚರ್ಮ, ಒಳಗೆ ಒಣಗಿದ ಕೋಳಿ. ಕಾಲೇಜಿಗೆ ಹೋಗುವ ಮಯೂರ್ ಒಂದು ತುಂಡು ಬಾಯಿಗಿಟ್ಟು, "ಪಪ್ಪಾ, ಯೇ ಕೋಳಿ ಹೈ ಕ್ಯಾ?" ಎಂದು ಕೇಳಿ ವಡಾಪಾವ್ ತಿನ್ನಲು ಸ್ಟೇಷನ್ನಿಗೆ ಹೋದ. ಅಡಿಗೆಮನೆಯ ಹೊಗೆಯಲ್ಲಿ ಜೀವಮಾನವಿಡೀ ಕಣ್ಣುಜ್ಜಿಕೊಂಡ ತಾಯಿಯ ಮಗನಾದ ಈ ಗಂಡ, ಹಣ ಕೊಟ್ಟು ಹೊಗೆ ತರಿಸಿದನಲ್ಲ ಎಂದು ದಮಯಂತಿಗೆ ಹೇಸಿಗೆಯಾಯಿತು. ತುಂಡನ್ನು ನುಂಗಿ, "ಆಯ್ತು, ಲಾಯ್ಕ ಉಂಟು" ಎಂದಳು.

ಮಳೆಗಾಲ ಹತ್ತಿರ ಬಂದಂತೆ ಹೊಸ ಚಿಂತೆ ಹುಟ್ಟಿತು. ಗುಳಿಗೆಗೆ ತೇವ ತಾಗಕೂಡದು. ತೇವ ತಾಗಿದರೆ ಉಬ್ಬುತ್ತದೆ, ಉಬ್ಬಿದರೆ ಪುಡಿಯಾಗುತ್ತದೆ, ಪುಡಿಯಾದರೆ ತಿರುಪಿನಲ್ಲಿ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಒಲೆಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಮಯೂರನಿಂದ ಓದಿಸಿ ತಾರಾನಾಥ ಇದಿಷ್ಟನ್ನು ಬಾಯಿಪಾಠ ಮಾಡಿದ್ದ. ಮನೆಯಲ್ಲಿ ಸೋರದ ಕೋಣೆಯೆಂದರೆ ಹಿತ್ತಿಲ ಕಡೆಯ ಸಣ್ಣ ಕೋಣೆ. ಅಲ್ಲಿದ್ದ ಮಂಚದ ಮೇಲೆ ಚೀಲಗಳನ್ನು ಪೇರಿಸಿ, ಕಿಟಕಿ ಭದ್ರವಾಗಿ ಮುಚ್ಚಿದ.

ಅದೇ ಕೋಣೆಯ ಮೇಲೆ ದಮಯಂತಿ ಕಣ್ಣಿಟ್ಟಿದ್ದಳು. ಅವಳ ಅಕ್ಕ ಸುಗುಣಾ ಗಂಡ ತೀರಿಕೊಂಡ ಮೇಲೆ ಡೊಂಬಿವಲಿಯಲ್ಲಿ ಮೈದುನನ ಹಂಗಿನಲ್ಲಿದ್ದಳು. ಒಂದು ಕಾಲಕ್ಕೆ ತಾನೇ ಯಜಮಾನಿಯಾಗಿದ್ದ ಆ ಒಂದು ಕೋಣೆ-ಅಡಿಗೆಮನೆಯಲ್ಲಿ ಈಗ ಎಲ್ಲರ ಊಟ ಮುಗಿದ ಮೇಲೆ ಗ್ಯಾಸಿನ ಕಟ್ಟೆಯ ಕೆಳಗೆ ಚಾಪೆ ಬಿಡಿಸಿಕೊಳ್ಳುತ್ತಿದ್ದಳು. ಮೈದುನನ ಮಗನಿಗೆ ಮದುವೆ ನಿಶ್ಚಯವಾಗಿ, ಚೌತಿಯ ಒಳಗೆ ಬೇರೆ ಕಡೆ ನೋಡಿಕೊಳ್ಳಬೇಕೆಂದು ಅವಳಿಗೆ ಹೇಳಿಯಾಗಿತ್ತು.

ಗ್ಯಾಸಿನ ಕಟ್ಟೆಯ ಕೆಳಗಿನ ಆ ಜಾಗ ತಾರಾನಾಥನಿಗೆ ಹೊಸದಲ್ಲ. ಕಾಪುವಿನಿಂದ ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಕಾಲದಲ್ಲಿ ಅವನನ್ನು ಮನೆಗೆ ಕರೆದುಕೊಂಡು ಬಂದವನು ಸುಗುಣಾಳ ಗಂಡ. ಸ್ವಂತ ಹೋಟೆಲು ಹಿಡಿಯುವವರೆಗೆ ವರ್ಷಗಟ್ಟಲೆ ಇವನು ಮಲಗಿದ್ದು ಅಲ್ಲೇ. ಬಂಗುಡೆ ಸಾರಿನಲ್ಲಿ ಇವನ ಪಾಲಿನ ಮೀನನ್ನು ಮುಚ್ಚಿಟ್ಟು ಕಾದವಳು ಸುಗುಣಾ. ತಂಗಿಯನ್ನು ಕೊಡಿಸಿದವಳೂ ಅವಳೇ.

"ಅಕ್ಕನನ್ನು ಇಲ್ಲಿ ಇಟ್ಕೊಳ್ಳುವಾ?" ಎಂದು ದಮಯಂತಿ ಒಂದು ಸಲ ಕೇಳಿದಳು.

"ಬರ್ಲಿ ಮಾರಾಯ್ತಿ, ನಾನು ಬೇಡ ಹೇಳ್ತೇನಾ? ಆದ್ರೆ ಮಲಗುದು ಎಲ್ಲಿ? ಹಿಂದಿನ ಕೋಣೆಯಲ್ಲಿ ಗುಳಿಗೆ ಉಂಟಲ್ಲ."

ಬಾಯಿಯ ತುದಿಗೆ ಬಂದದ್ದು ಬಹಳ. ಹೊರಬಿದ್ದದ್ದು, "ಆಯ್ತು."

ಆಷಾಢದ ಗಾಳಿ ಹಿಡಿದ ಮೇಲೆ ಅವಳು ಒಂದು ಕೆಲಸ ಮಾಡಿದಳು. ಗಂಡ ಹೋಟೆಲಿಗೆ ಹೋದ ಕೂಡಲೆ ಹಿಂದಿನ ಕೋಣೆಯ ಕಿಟಕಿ ತೆರೆದಿಟ್ಟಳು, ಅವನು ಬರುವ ಮೊದಲು ಮುಚ್ಚಿದಳು. ಖಾಡಿಯ ಹಿನ್ನೀರಿನ ಕಡೆಯಿಂದ ಬರುವ ಗಾಳಿಯಲ್ಲಿ ಉಪ್ಪಿನ ಭರಣಿಯೇ ನೀರಾಗುವ ಊರದು. ಚೀಲಗಳು ನೋಡಲು ಇದ್ದ ಹಾಗೇ ಇದ್ದವು. ಒಳಗೆ ಕೈಹಾಕಿದರೆ ಗುಳಿಗೆ ಬೆರಳಲ್ಲಿ ಮುರಿಯತೊಡಗಿತ್ತು. ಅದು ಮುರಿಯುವಾಗ ದಮಯಂತಿಗೆ ಬಹಳ ವರ್ಷಗಳಿಂದ ಇಲ್ಲದ ಸುಖವಾಗುತ್ತಿತ್ತು.

ಮಳೆ ಬಿಟ್ಟ ಒಂದು ಭಾನುವಾರ ತಾರಾನಾಥ ಕನ್ನಡ ಸಂಘದ ಪದಾಧಿಕಾರಿಗಳನ್ನು ಊಟಕ್ಕೆ ಕರೆದ. ಇಸ್ತ್ರಿ ಮಾಡಿದ ಏಪ್ರನ್ನು ಕಟ್ಟಿಕೊಂಡು, "ನೀನು ಇವತ್ತು ಎಂತದೂ ಮಾಡ್ಬೇಡ, ಎಲ್ಲ ನಂದೇ" ಎಂದು ಹೆಂಡತಿಗೆ ಹೇಳಿದ. ಅವಳು ಎಂತದೂ ಮಾಡಲಿಲ್ಲ. ಅನ್ನವನ್ನೂ ಮಾಡಲಿಲ್ಲ. ಅತಿಥಿಗಳು ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಲೆ ಸ್ವಲ್ಪ ಹೊತ್ತು ಹೊಗೆ ಬಿಟ್ಟಿತು, ಗೊರಗೊರ ಎಂದಿತು, ನಿಂತಿತು. ತಾರಾನಾಥ ಡಬ್ಬಕ್ಕೆ ಕಡ್ಡಿ ಹಾಕಿ ತಿವಿದ, ಸ್ಕ್ರೂಡ್ರೈವರಿನಿಂದ ಕೆದಕಿದ, ಕೊನೆಗೆ ಒಲೆಯ ಮುಂದೆ ಹೊಟ್ಟೆಯಡಿಯಾಗಿ ಮಲಗಿ ಊದಿದ. ಮೂಗಿನ ಮೇಲೆ ಬೂದಿ, ಎದೆಯ ಮೇಲೆ ಜಿಡ್ಡು. ಕೋಳಿಗಳು ಇಟ್ಟಾಗಿನಷ್ಟೇ ಬೆಳ್ಳಗೆ ಮಲಗಿದ್ದವು. ಸಂಘದ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಚಹಾ, ಗ್ಲೂಕೋಸ್ ಬಿಸ್ಕಿಟು ತಿಂದು ಎಲ್ಲರೂ ಹೊರಟರು.

"ಈ ಊರಿನ ಹವೆಯೇ ಸರಿ ಇಲ್ಲ," ಎಂದ ತಾರಾನಾಥ. ದಮಯಂತಿ ಹೌದೆಂದಳು.

ಮರುದಿನವೇ ಅವಳು ಠಾಣೆಗೆ ಬಸ್ಸು ಹಿಡಿದು, ಅಲ್ಲಿಂದ ಲೋಕಲ್ ರೈಲಿನಲ್ಲಿ ಡೊಂಬಿವಲಿಗೆ ಹೋದಳು. ಸುಗುಣಾ ಬಾಗಿಲ ಬಳಿ ಕೂತು ಮೈದುನನ ಮನೆಯ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದಮಯಂತಿ ಕಿಟಕಿಯ ಕಥೆಯನ್ನೂ ಅಧ್ಯಕ್ಷರ ಗಡಿಯಾರದ ಕಥೆಯನ್ನೂ ಬಿಕ್ಕಳಿಕೆ ಬರುವಷ್ಟು ನಗುತ್ತಾ ಹೇಳಿದಳು. "ಗುಳಿಗೆ ಎಲ್ಲ ಹಾಳಾಯ್ತು ಅಕ್ಕ. ಇನ್ನು ಕೋಣೆ ಖಾಲಿ. ನೀನು ಹೊರಡು."

ಸುಗುಣಾ ನಗಲಿಲ್ಲ. "ಅವನಿಗೆ ಹೇಳಿದ್ಯಾ, ಅಕ್ಕ ಬರ್ತಾಳೆ ಅಂತ?"

"ಹೇಳುದು ಎಂತ? ಕೋಣೆ ಖಾಲಿ ಉಂಟಲ್ಲ."

"ಹಾಗಾದ್ರೆ ನಾನು ಬರುದು ಗುಳಿಗೆ ಹಾಳಾಯ್ತು ಅಂತ. ನೀನು ಕರೆದಿ ಅಂತ ಅಲ್ಲ. ನಾಳೆ ಅವ ಬೇರೆ ಎಂತಾದ್ರೂ ತಂದ್ರೆ ನನ್ನನ್ನು ಎಲ್ಲಿ ಹಾಕ್ತೀ?" ಸುಗುಣಾ ಕೈಯ ಸಿಪ್ಪೆ ಕೊಡವಿದಳು. "ಗಂಡನ ಬೆನ್ನ ಹಿಂದೆ ಕಳ್ಳಿಯ ಹಾಗೆ ಕಿಟಕಿ ತೆಗೆದು ಮುಚ್ಚುವವಳು ಅವನಿಗಿಂತ ಎಂತ ದೊಡ್ಡವಳು? ಅವನಾದ್ರೂ ತನಗೆ ಬೇಕಾದ್ದನ್ನು ಹಗಲಲ್ಲಿ ತರ್ತಾನೆ. ಕರೆಯುದಾದ್ರೆ ಅವನ ಎದುರಿಗೆ ನಿಂತು ಕರಿ. ಇಲ್ಲದಿದ್ರೆ ನನಗೆ ಈ ಕಟ್ಟೆಯ ಕೆಳಗೇ ಸಾಕು."

ಹಿಂದಿರುಗುವ ಲೋಕಲಿನಲ್ಲಿ ದಮಯಂತಿಯ ಮುಖ ಸುಡುತ್ತಿತ್ತು. ಇಷ್ಟು ವರ್ಷ ಗಂಡನನ್ನು ಕೀಳೆಂದು ತಿಳಿದದ್ದೇ ತನ್ನ ದೊಡ್ಡಸ್ತಿಕೆಯೆಂದು ಅವಳು ನಂಬಿದ್ದಳು. ಅಕ್ಕ ಅದನ್ನು ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಊದಿಬಿಟ್ಟಿದ್ದಳು. ಸಿಟ್ಟು ಬಂತು, ಅಳು ಬಂತು. ಅಕ್ಕ ಹೇಳಿದ್ದರಲ್ಲಿ ಸುಳ್ಳು ಮಾತ್ರ ಒಂದೂ ಸಿಗಲಿಲ್ಲ.

ಮನೆಯ ಮುಂದೆ ಟೆಂಪೋ ನಿಂತಿತ್ತು. ಕಳಂಬೋಲಿಯ ವ್ಯಾಪಾರಿಯ ಬಳಿ ಆ ಕಂಟೇನರಿನ ಇನ್ನಷ್ಟು ಚೀಲಗಳು ಉಳಿದಿದ್ದವಂತೆ. ಯಂಕಣ್ಣ ಒಂದನ್ನು ಹೆಗಲ ಮೇಲೆ ಹೊತ್ತು ಪಡಸಾಲೆಯಲ್ಲಿ ಬರುತ್ತಿದ್ದ, ತಾರಾನಾಥ ಮುಂದೆ ಮುಂದೆ ದಾರಿ ತೋರಿಸುತ್ತಿದ್ದ. "ಈ ಸಲ ಪ್ಲಾಸ್ಟಿಕ್ ಸುತ್ತಿಸ್ತೇನೆ, ನೋಡು," ಎಂದ, ಹೆಂಡತಿಯನ್ನು ಕಂಡು ಉತ್ಸಾಹದಿಂದ.

ದಮಯಂತಿ ಚಪ್ಪಲಿಯನ್ನೂ ಬಿಡದೆ ಫೋನಿನ ಹತ್ತಿರ ಹೋದಳು. ಡೊಂಬಿವಲಿಯಲ್ಲಿ ಅಕ್ಕ ಇದ್ದ ಮನೆಯ ಕೆಳಗಿನವರಿಗೆ ಫೋನು ಹಚ್ಚಿ, ಅಕ್ಕನನ್ನು ಕರೆಯಲು ಹೇಳಿ, ಗಂಡನ ಮುಖವನ್ನೇ ನೋಡುತ್ತಾ ಕಾದಳು.

"ಅಕ್ಕಾ, ಇವರು ಎದುರಿಗೇ ಇದ್ದಾರೆ. ನಾಳೆ ಬಂದು ಕರ್ಕೊಂಡು ಬರ್ತೇನೆ. ಹಿಂದಿನ ಕೋಣೆ ನಿಂದು." ಫೋನಿಟ್ಟು ಗಂಡನಿಗೆ ಹೇಳಿದಳು: "ನಿಮ್ಮ ಗುಳಿಗೆ ಹಾಳು ಮಾಡಿದ್ದು ಹವೆ ಅಲ್ಲ. ನಾನು. ದಿನಾ ಕಿಟಕಿ ತೆಗೆದಿಡ್ತಿದ್ದೆ."

ಯಂಕಣ್ಣ ಚೀಲ ಹೊತ್ತಲ್ಲೇ ನಿಂತ. ಗಂಡ ಈಗ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ದಮಯಂತಿ ಸೆರಗು ಬಿಗಿದು ನಿಂತಳು. ಅಕ್ಕನ ಹೆಸರು ಅವನಿಗೆ ಎಲ್ಲಾದರೂ ತಾಗೀತೇ ಎಂದೂ ಒಂದು ಗಳಿಗೆ ಆಸೆಪಟ್ಟಳು.

ತಾರಾನಾಥ ಯಂಕಣ್ಣನ ಹೆಗಲ ಮೇಲಿನ ಚೀಲವನ್ನು ನೋಡಿದ, ಟೆಂಪೋದ ಕಡೆ ನೋಡಿದ. "ಅಲ್ಲ ಮಾರಾಯ್ತಿ," ಎಂದ, ಅಳುವ ಹಾಗೆ, "ಅಕ್ಕ ಬಂದ್ರೆ ಇದನ್ನೆಲ್ಲ ಎಲ್ಲಿ ಇಡುದು?"

"ಡೊಂಬಿವಲಿಯಲ್ಲಿ ಗ್ಯಾಸಿನ ಕಟ್ಟೆಯ ಕೆಳಗೆ ನಾಳೆಯಿಂದ ಜಾಗ ಖಾಲಿ ಉಂಟು," ಎಂದಳು ದಮಯಂತಿ. "ತೇವ ತಾಗುದಿಲ್ಲ. ನೀವು ಅಲ್ಲೇ ಮಲಗ್ತಿದ್ರಲ್ಲ, ನಿಮಗೆ ಗೊತ್ತುಂಟು."